ಬಣ್ಣ ಹಚ್ಚಿಕೊಂಡು ಬೆಟ್ಟ ಹತ್ತಿದ್ದು

ಗುಬ್ಬಿಯಲ್ಲಿ ಹುಟ್ಟಿಯೂ ನಾಟಕದ ಹುಚ್ಚು ಹಿಡಿಯದವನಿದ್ದರೆ ಅವನಿಗೆ ರಕ್ತ ಪರೀಕ್ಷೆ ಮಾಡಿಸಬೇಕು ಎಂದು ನಮ್ಮ ನಾಟಕದ ಮೇಷ್ಟ್ರು ಹೇಳುತ್ತಿದ್ದರು. ನನಗೆ ಹುಚ್ಚೇನೋ ಹಿಡಿದಿತ್ತು, ಪಾತ್ರ ಸಿಕ್ಕಿರಲಿಲ್ಲ. ಹೈಸ್ಕೂಲಿನಿಂದ ನಾನು ಕಾಯಂ ದ್ವಾರಪಾಲಕ. ಪರದೆ ಎದ್ದಾಗ ಈಟಿ ಹಿಡಿದು ನಿಲ್ಲಬೇಕು, ಪರದೆ ಬಿದ್ದಾಗ ಈಟಿಯನ್ನು ಜೋಪಾನವಾಗಿ ವಾಪಸ್ ಕೊಡಬೇಕು. ನಡುವೆ ಇದ್ದದ್ದು ಒಂದೇ ಮಾತು, 'ಅಪ್ಪಣೆ ಮಹಾಪ್ರಭು'. ಒಂದು ವರ್ಷ ಅದನ್ನೂ ಮಹಾಪ್ರಭು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟು ಒಳಗೆ ಓಡಿದ್ದೆ. ಪಾಪ, ಮಹಾಪ್ರಭು ಖಾಲಿ ಬಾಗಿಲಿಗೆ ಅಪ್ಪಣೆ ಕೊಟ್ಟರು.

ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಅದೃಷ್ಟ ಖುಲಾಯಿಸಿತು. ಅಲ್ಲಿಯವರೆಗೆ ರಾಜಕುಮಾರನಾಗುತ್ತಿದ್ದವರಿಗೆ ಮದುವೆಯಾಗಿ, ಹೊಟ್ಟೆ ಬಂದು, ಸೊಂಟದ ಪಟ್ಟಿ ಎಷ್ಟು ಎಳೆದರೂ ಸೇರದಾಯಿತು. ಮೇಷ್ಟ್ರು ಹಾರ್ಮೋನಿಯಂ ಹಿಂದಿನಿಂದ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಬೇರೆ ದಾರಿಯಿಲ್ಲದೆ ನನ್ನ ಮೇಲೆ ಕಣ್ಣು ನಿಲ್ಲಿಸಿದರು. ನನ್ನ ದೊಡ್ಡಪ್ಪನ ಮಗ ಅಲ್ಲೇ ಇದ್ದ. ಅವನಿಗೆ ರಾಜಕುಮಾರನ ಮಾತುಗಳಷ್ಟೇ ಅಲ್ಲ, ರಾಣಿಯದು, ಮಂತ್ರಿಯದು, ನನ್ನ ದ್ವಾರಪಾಲಕನದು ಎಲ್ಲವೂ ಬಾಯಿಪಾಠ. ಆದರೆ ಅವನ ಮೂಗು ಸ್ವಲ್ಪ ಮೊಂಡು. ಒಂದು ಮೂಗಿನಿಂದಾಗಿ ನನಗೆ ಸಿಂಹಾಸನ ಸಿಕ್ಕಿತು.

ಮೇಷ್ಟ್ರು ಒಂದೇ ಷರತ್ತು ಹಾಕಿದರು.

"ಹೋದ್ ವರ್ಷದ ಥರ ಮುಖ ಸುಟ್ಕೊಂಡ್ ಬಂದೆ ಅಂದ್ರೆ ಅವತ್ತೇ ಕಿರೀಟ ಅವ್ನ್ ತಲೆಗೆ ಹಾಕ್ಬುಡ್ತೀನಿ. ತಿಳೀತೇನ್ಲಾ?"

ಹೋದ ವರ್ಷದ ಕತೆ ಇಷ್ಟೇ. ನಾಟಕಕ್ಕೆ ಕೆಲವು ದಿನ ಮೊದಲು ಕಾಲೇಜಿನ ಹುಡುಗರ ಜೊತೆ ದೇವರಾಯನದುರ್ಗದ ಬಂಡೆಗಳನ್ನು ಹತ್ತಿ, ನೆತ್ತಿಯ ಮೇಲೆ ಗಾಳಿ ತಣ್ಣಗಿದೆ ಎಂಬ ಧೈರ್ಯದಲ್ಲಿ ಮಧ್ಯಾಹ್ನವೆಲ್ಲ ಅಂಗಾತ ಮಲಗಿದ್ದೆ. ಗಾಳಿ ತಣ್ಣಗಿದ್ದರೆ ಬಿಸಿಲೂ ತಣ್ಣಗಿರುತ್ತದೆ ಎಂದು ತಿಳಿದವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ನಾಟಕದ ಹೊತ್ತಿಗೆ ಮುಖದ ಚರ್ಮ ಸುಲಿಯುತ್ತಿತ್ತು. ಸುಲಿಯುವ ಚರ್ಮದ ಮೇಲೆ ಬಣ್ಣ ನಿಲ್ಲುವುದಿಲ್ಲ. ದೀಪದ ಶಾಖಕ್ಕೆ ಬಣ್ಣ ಹಪ್ಪಳ ಹಪ್ಪಳವಾಗಿ ಎದ್ದು, ಮಹಾಪ್ರಭುವಿನ ಗಂಭೀರ ಭಾಷಣದ ನಡುವೆ ನನ್ನ ಕೆನ್ನೆಯ ಒಂದು ತುಂಡು ಉದುರಿ ಅವರ ಪಾದದ ಬಳಿ ಬಿತ್ತು. ಮುಂದಿನ ಸಾಲಿನಲ್ಲಿದ್ದ ಮಗುವೊಂದು ಹೆದರಿ ಅತ್ತಿತು.

ಹಾಗಾಗಿ ಈ ಸಲ ನಾನು ನೆರಳಿನ ಪ್ರಾಣಿಯಾದೆ. ಕಾಲೇಜಿಗೆ ಅಂಗಡಿಗಳ ಜಗಲಿ ಹಿಡಿದು ನಡೆದೆ. ಕೊಡೆ ಹಿಡಿದೆ. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಹುಡುಗರು, "ಏನ್ಲೇ, ಬಾಣಂತೀನಾ?" ಎಂದು ಕೇಳಿದರೂ ರಾಜಗಾಂಭೀರ್ಯದಿಂದ ಮುಂದೆ ಹೋದೆ. ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು, ಭಾವ ಬರುವವರೆಗೆ.

ಅಕ್ಕನ ಮದುವೆಯಾಗಿ ಇನ್ನೂ ಕೆಲವೇ ವಾರ. ಭಾವ ತುಮಕೂರಿನವರು, ಆಫೀಸಿನ ಕೆಲಸ, ಹೊಸ ಬೈಕು, ಅದಕ್ಕಿಂತ ಹೊಸದಾದ ಕೂಲಿಂಗ್ ಗ್ಲಾಸು. ನಾಟಕ ನೋಡಲೆಂದು ಅಕ್ಕನೊಂದಿಗೆ ಮುಂಚಿತವಾಗಿಯೇ ಬಂದಿದ್ದರು. ನಮ್ಮ ಕಡೆ ಹೊಸ ಅಳಿಯ ಎಂದರೆ ಒಂದು ವರ್ಷದ ಮಟ್ಟಿಗೆ ಮನೆದೇವರು. ಅವರು ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ಊಟ ಮಾಡುತ್ತಾ ಮನೆದೇವರು ಕೇಳಿದರು:

"ಭಾಮೈದ, ಹುಲಿಯೂರುದುರ್ಗದ ಬೆಟ್ಟ ಹತ್ತಿದೀಯಾ?"

"ಇಲ್ಲ ಭಾವ."

"ನಾನೂ ಹತ್ತಿಲ್ಲ. ನಾಳೆ ಹತ್ಬಿಡೋಣ."

ನಾಳೆ ಶನಿವಾರ. ಭಾನುವಾರ ಸಂಜೆ ನಾಟಕ. ನಾನು ಅಡುಗೆಮನೆಗೆ ಓಡಿ ಅವ್ವನ ಕಿವಿಯಲ್ಲಿ ಸಂಕಟ ಹೇಳಿಕೊಂಡೆ.

"ಅವ್ವ, ನನ್ ಮುಖ..."

"ನಿನ್ ಮುಖ ಏನ್ ಸೀಮೆಗಿಲ್ಲದ್ ಮುಖನೇನ್ಲಾ? ಹೊಸ ಅಳಿಯ ಬಾಯ್ಬುಟ್ಟು ಕೇಳವ್ರೆ. ತೆಪ್ಪಗ್ ಹೋಗ್ ಬಾ."

ಅಲ್ಲಿಗೆ ಮುಗಿಯಿತು. ಆಗ ನನ್ನ ತಲೆಗೆ ಟಿವಿ ಹೊಳೆಯಿತು. ಆ ಕಾಲದಲ್ಲಿ ಕ್ರಿಕೆಟ್ ಆಡುವವರು ಮೂಗಿಗೆ, ತುಟಿಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಏನನ್ನೋ ಬಳಿದುಕೊಂಡು ದಿನವಿಡೀ ಬಿಸಿಲಲ್ಲಿ ನಿಲ್ಲುತ್ತಿದ್ದರು. ಅದು ಜಿಂಕು ಎಂದು ಯಾರೋ ಹೇಳಿದ್ದು ನೆನಪಿತ್ತು. ಜಿಂಕ್ ಪುಡಿ ನಮ್ಮ ಮನೆಯ ಅಟ್ಟದಲ್ಲೇ ಇತ್ತು! ನಾಟಕದ ಬಣ್ಣದ ಟ್ರಂಕು ಇಲಿ ಕಾಟವಿಲ್ಲದ ಜಾಗವೆಂದು ವರ್ಷವಿಡೀ ನಮ್ಮಲ್ಲೇ ಇರುತ್ತಿತ್ತು. ಪುಡಿಗೆ ಕೊಬ್ಬರಿ ಎಣ್ಣೆ ಹಾಕಿ ಕಲಸಿದರೆ ಅದೇ ನಮ್ಮ ಮುಖದ ಮೊದಲ ಲೇಪ. ಕ್ರಿಕೆಟಿನವರು ಮೂಗಿಗಷ್ಟೇ ಹಚ್ಚಿ ದಿನ ಕಳೆಯುತ್ತಾರೆ, ನಾನು ಇಡೀ ಮುಖಕ್ಕೆ ಹಚ್ಚಿದರೆ ಸೂರ್ಯನೇ ಸೋತು ವಾಪಸ್ ಹೋಗಬೇಕು.

ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹಚ್ಚಿದೆ. ಕನ್ನಡಿಯಲ್ಲಿ ದೆವ್ವ ಕಾಣಿಸಿತು. ದೆವ್ವವಾಗಿ ಕುಣಿಗಲ್ ದಾಟುವುದು ಹೇಗೆ? ಚರ್ಮದ ಬಣ್ಣ ಬರಲಿ ಎಂದು ಚೂರು ಕೆಂಪು ಬೆರೆಸಿದೆ. ಕೆನ್ನೆ ಚಪ್ಪಟೆಯಾಗಿ ಕಂಡಿತು, ಇನ್ನೊಂಚೂರು ಕೆಂಪು ಇಟ್ಟೆ. ಈಗ ಹುಬ್ಬು ಕಾಣಿಸಲಿಲ್ಲ, ಕಾಡಿಗೆ ಎಳೆದೆ. ಕೈಗೆ ಅದು ಅಭ್ಯಾಸ, ತಾನಾಗಿಯೇ ಮೇಲಕ್ಕೆ ತಿರುಗಿ ಹುಬ್ಬು ಬಿಲ್ಲಿನಂತಾಯಿತು. ಹೊರಗೆ ಬಂದದ್ದು ಪ್ಯಾಂಟು ಶರಟು ತೊಟ್ಟ ರಾಜಕುಮಾರ.

ಅಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಏನೋ ಇದು ಅವತಾರ? ಬಿಸಿಲಿಗೆ ಅಂದ್ರೆ ಟವಲ್ ಸುತ್ಕೋಬಾರ್ದಾ? ತಗೋ. ತಲೆ, ಕಿವಿ ಎಲ್ಲಾ ಮುಚ್ಕೋ."

"ಟವಲ್ ಸುತ್ಕೊಂಡ್ರೆ ಬಣ್ಣ ಅಳಿಸೋಗುತ್ತೆ ಕಣೇ," ಎಂದೆ. ಮುಖ ಉಳಿಯಲಿ ಎಂದು ಬಣ್ಣ, ಬಣ್ಣ ಉಳಿಯಲಿ ಎಂದು ಟವಲ್ ಬೇಡ. ಬಿ.ಕಾಂ. ಓದುತ್ತಿದ್ದ ತಲೆ.

"ಭಾವ, ನಿಮ್ಗೂ ಒಂಚೂರ್ ಹಚ್ಲಾ?"

ಭಾವ ಹೊಟ್ಟೆ ಹಿಡಿದು ನಕ್ಕರು. "ನಂಗ್ಯಾಕಪ್ಪಾ? ನಾನೇನ್ ಪಟ್ಟಾಭಿಷೇಕಕ್ಕೆ ಹೋಗ್ತಿದೀನಾ?" ಎಂದು ಗ್ಲಾಸು ಏರಿಸಿಕೊಂಡರು.

ಬೆಳಗಿನ ತಂಪಿನಲ್ಲೇ ಹೊರಡಬೇಕೆಂದು ನನ್ನ ಆಸೆ. ಆದರೆ ಹೊಸ ಅಳಿಯನಿಗೆ ಒಬ್ಬಟ್ಟು ಬಡಿಸದೆ ಅವ್ವ ಕಳಿಸುವವಳಲ್ಲ, ಬಡಿಸಿದ್ದನ್ನು ಬಿಡುವವರು ಭಾವ ಅಲ್ಲ. ತುಮಕೂರು ದಾಟುವಷ್ಟರಲ್ಲಿ ಬಿಸಿಲೇರಿತ್ತು. ಕುಣಿಗಲ್ ಕೆರೆ ಏರಿಯ ಹತ್ತಿರ ಬಸ್ಸೊಂದು ನಮ್ಮ ಪಕ್ಕದಲ್ಲೇ ನಿಧಾನವಾಗಿ ಬಂತು. ಕಿಟಕಿಗಳಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ದ್ವಾರಪಾಲಕನ ಕಾಲದ ಅನುಭವ ಬಳಸಿ, ಎಲ್ಲೂ ನೋಡದೆ, ರೆಪ್ಪೆ ಹೊಡೆಯದೆ ಕೂತೆ. ಹುಲಿಯೂರುದುರ್ಗ ಸೇರಿ ಬೆಟ್ಟದ ಬುಡದಲ್ಲಿ ಬೈಕು ನಿಲ್ಲಿಸಿದಾಗ ನಮ್ಮ ನೆರಳು ಕಾಲಡಿಗೆ ಬಂದು ಮುದುರಿಕೊಂಡಿತ್ತು.

ಆ ಬೆಟ್ಟ ಬೋರಲು ಹಾಕಿದ ಹಂಡೆಯಂತಿದೆ. ಕೋಟೆಯ ಮುರುಕು ಗೋಡೆ ದಾಟಿದ ಮೇಲೆ ಬರೀ ಬಂಡೆ. ಎರಡು ಕೈ ಎರಡು ಕಾಲು ಊರಿಕೊಂಡು ಹತ್ತಬೇಕು. ಮೇಲಿನಿಂದ ಸೂರ್ಯ, ಕೆಳಗಿನಿಂದ ಕಾದ ಬಂಡೆ. ಬೆವರು ಹಣೆಯಿಂದಿಳಿದು ಬಣ್ಣದಲ್ಲಿ ಕಾಲುವೆ ತೋಡುತ್ತಿತ್ತು. ಜೇಬಿನಲ್ಲಿ ಡಬ್ಬಿ ತಂದಿದ್ದೆ. ಬಂಡೆಯ ಸಂದಿನಲ್ಲಿ ನೆರಳು ಸಿಕ್ಕಲ್ಲೆಲ್ಲ ಕೂತು ಕಾಲುವೆ ಮುಚ್ಚುತ್ತಿದ್ದೆ. ಹಾಗೆ ಕೂತಿದ್ದಾಗ ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ಬಂದು ನನ್ನೆದುರು ಕೋಲೂರಿ ನಿಂತಳು.

"ಯಾವ್ ಕಂಪ್ನಿ ನಾಟ್ಕದವ್ನಪ್ಪ ನೀನು?"

"ಗುಬ್ಬಿ ಕಡೆಯವ್ನಜ್ಜಿ."

"ಇಲ್ಲಾಡಕ್ಕೆ ಬಂದಿದೀಯಾ? ನೋಡೋರ್ ಯಾರವ್ರೋ ಕೂಸೆ, ನನ್ ಮೇಕೆ ಬುಟ್ರೆ?"

"ಬಿಸಿಲಿಗೆ ಮುಖ ಸುಡ್ಬಾರ್ದು ಅಂತ ಹಚ್ಕೊಂಡಿದೀನಿ ಅಜ್ಜಿ."

ಅಜ್ಜಿ ಒಂದು ಗಳಿಗೆ ನನ್ನನ್ನು ನೋಡಿದಳು, ಆಮೇಲೆ ಭಾವನನ್ನು ನೋಡಿದಳು, ಆಮೇಲೆ ಮೇಕೆಗಳನ್ನು ನೋಡಿದಳು. "ಆಯ್ತು ಬುಡಪ್ಪ," ಎಂದು ಮರಿಯೊಂದನ್ನು ನನ್ನಿಂದ ಸ್ವಲ್ಪ ದೂರ ಎಳೆದುಕೊಂಡು ಹೋದಳು. ಭಾವ ಬಂಡೆ ತಬ್ಬಿಕೊಂಡು ನಗುತ್ತಲೇ ಇದ್ದರು. ನಕ್ಕು ನಕ್ಕು ಜಾರಿ, ಹತ್ತಿದ್ದರಲ್ಲಿ ಒಂದಿಷ್ಟನ್ನು ಮತ್ತೆ ಹತ್ತಿದರು.

ನೆತ್ತಿಯಲ್ಲಿ ಗಾಳಿಯೋ ಗಾಳಿ. ಭಾವ ಎದುರಿನ ಬೆಟ್ಟ ನೋಡುತ್ತಾ ಮುಖವೊಡ್ಡಿ ನಿಂತೇ ಇದ್ದರು. "ಭಾವ, ಗಾಳಿ ನಂಬ್ಬೇಡಿ, ನನ್ಗಾಗಿದೆ," ಎಂದೆ. "ಸುಮ್ನಿರಯ್ಯ ಯುವರಾಜ," ಎಂದರು.

ಮನೆಗೆ ಬಂದವನೇ ಎಣ್ಣೆ ಹಚ್ಚಿ ಬಣ್ಣ ಒರೆಸಿದೆ. ಕನ್ನಡಿಯಲ್ಲಿ ನನ್ನ ಮುಖ ಹೋಗುವಾಗ ಹೇಗಿತ್ತೋ ಹಾಗೇ ಇತ್ತು! ಒಂದು ಕಲೆಯಿಲ್ಲ, ಒಂದು ಕೆಂಪಿಲ್ಲ. ವಿಜ್ಞಾನಕ್ಕೆ ಜೈ. ಭಾವನ ಸ್ಥಿತಿ ಬೇರೆಯಿತ್ತು. ಮುಖವೆಲ್ಲ ಟೊಮೆಟೊ, ಕಣ್ಣಿನ ಸುತ್ತ ಗ್ಲಾಸಿನಳತೆಗೆ ಎರಡು ಬಿಳಿ ಚಕ್ರ. ಅಕ್ಕ ನಗಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡು ಲೋಳೆಸರ ತರಲು ಓಡಿದಳು. ನಾನು ಗೆದ್ದ ಉತ್ಸಾಹದಲ್ಲಿ ಅವಳ ಹಿಂದೆಯೇ ಹೋಗಿ, "ನೋಡಿದ್ಯೇನೇ?" ಎಂದೆ. ಅವಳು ಪ್ರೀತಿಯಿಂದ ನನ್ನ ಕಿವಿ ಹಿಡಿದಳು.

ನಾನು ಕಿರುಚಿದ ಕಿರುಚಿಗೆ ಪಕ್ಕದ ಮನೆಯ ನಾಯಿ ಬೊಗಳಿತು.

ಬಣ್ಣದವರು ಕಿವಿಗೆ ಬಣ್ಣ ಹಚ್ಚುವುದಿಲ್ಲ. ಜನರಿಗೆ ಕಾಣುವುದು ಮುಖ, ಕಿವಿಯನ್ನು ಟೋಪನ್ನಿನ, ಅಂದರೆ ವಿಗ್ಗಿನ, ಕೂದಲು ಮುಚ್ಚುತ್ತದೆ. ಕೈಯ ಅಭ್ಯಾಸ ಕಿವಿಯ ಬುಡಕ್ಕೆ ಬಂದು ನಿಂತಿತ್ತು, ಬೆಟ್ಟದ ಮೇಲೆ ಟೋಪನ್ನಿರಲಿಲ್ಲ, ಟವಲ್ಲನ್ನು ನಾನೇ ಬಿಟ್ಟುಹೋಗಿದ್ದೆ. ಎರಡು ಕಿವಿಗಳೂ ಬ್ಯಾಡಗಿ ಮೆಣಸಿನಕಾಯಿಯಾಗಿ, ಹೊಳೆಯುತ್ತಾ, ತಾವೇ ದೀಪವಾಗಿ ಹತ್ತಿಕೊಂಡಂತೆ ಉರಿಯುತ್ತಿದ್ದವು.

"ಟವಲ್ ಕೊಟ್ಟಿದ್ನಲ್ಲೋ ಮಂಕೆ," ಎಂದಳು ಅಕ್ಕ. ಭಾವ ಲೋಳೆಸರದ ಹಿಂದಿನಿಂದ ಮನೆಗೆ ಬಂದ ಮೇಲೆ ಮೊದಲ ಸಲ ನಕ್ಕರು.

ಭಾನುವಾರ ಸಂಜೆ ಮೇಷ್ಟ್ರು ನನ್ನ ಗದ್ದ ಹಿಡಿದು ಬಲ್ಬಿನ ಕಡೆ ತಿರುಗಿಸಿ ನೋಡಿದರು. ಕಿವಿಗಳನ್ನು ಮೊದಲೇ ಟೋಪನ್ನಿನೊಳಗೆ ಅಡಗಿಸಿದ್ದೆ. "ಪರ್ವಾಗಿಲ್ಲ ಕಣ್ಲಾ, ಕಾಪಾಡ್ಕೊಂಡಿದೀಯ," ಎಂದರು. ದೊಡ್ಡಪ್ಪನ ಮಗ ಮೂಲೆಯಲ್ಲಿ ಈಟಿ ಹಿಡಿದು ನಿಟ್ಟುಸಿರು ಬಿಟ್ಟ.

ಉಳಿದಿದ್ದ ಗಂಡಾಂತರ ಒಂದೇ. ಎರಡನೇ ಅಂಕದಲ್ಲಿ, ಹೇಳದೆ ಕೇಳದೆ ಬೇಟೆಗೆ ಹೋದ ರಾಜಕುಮಾರನ ಕಿವಿಯನ್ನು ರಾಜಮಾತೆ ಹಿಂಡಬೇಕು. ರಾಜಮಾತೆಯ ಪಾತ್ರಕ್ಕೆ ತುಮಕೂರಿನಿಂದ ಬಂದಿದ್ದ ಕಲಾವಿದೆ ಊರೂರಲ್ಲಿ ಹೆಸರಾದವರು, ಹೊಡೆಯುವ ಸನ್ನಿವೇಶವಿದ್ದರೆ ನಿಜವಾಗಿ ಹೊಡೆಯುವವರು. ನಾನು ಹೋಗಿ ಕೈಮುಗಿದೆ.

"ಅಕ್ಕಾ, ಇವತ್ತೊಂದಿನ ಕಿವಿ ಹಿಂಡ್ಬೇಡಿ. ಸುಮ್ನೆ ಮುಟ್ದಂಗ್ ಮಾಡಿ. ಸುಟ್ಟೋಗಿದೆ."

"ಅಯ್ಯೋ ಪಾಪ! ಆಯ್ತಪ್ಪ, ಮುಟ್ಟೋದೂ ಇಲ್ಲ ಬುಡು."

ಮೊದಲ ಅಂಕದಲ್ಲಿ ನಾನು ರಾಜಕುಮಾರನೇ. ಒಂದು ಮಾತು ತಪ್ಪಲಿಲ್ಲ. ಹಾರ್ಮೋನಿಯಂ ಹಿಂದೆ ಮೇಷ್ಟ್ರ ತಲೆ ತೂಗುವುದು ಕಾಣುತ್ತಿತ್ತು. ಈ ಒಂದು ದೃಶ್ಯ ದಾಟಿದರೆ ಬದುಕಿಡೀ ಈಟಿ ಮುಟ್ಟಬೇಕಾಗಿಲ್ಲ ಎಂದುಕೊಂಡೆ. ಎರಡನೇ ಅಂಕ ಬಂತು. ರಾಜಮಾತೆ ಆವೇಶದಿಂದ ಬಂದರು. ಅವರ ಕಣ್ಣಲ್ಲಿ ನಿಜವಾದ ಕೋಪವಿತ್ತು. ಕಲೆಯ ಕೋಪ, ಅದರಲ್ಲಿ ನಾನು ಕೈಮುಗಿದು ಕೇಳಿಕೊಂಡದ್ದೆಲ್ಲ ಕೊಚ್ಚಿಹೋಗಿತ್ತು. ಟೋಪನ್ನಿನೊಳಗೆ ಕೈಹಾಕಿ ಕಿವಿ ಹುಡುಕಿ ಹಿಡಿದು ತಿರುವಿದರು. ನಾನು ಹೇಳಬೇಕಿದ್ದದ್ದು, 'ಜನನಿ, ನಿನ್ನ ಕುವರನ ಅಪರಾಧವನ್ನು ಮನ್ನಿಸು.' ಹೇಳಿದ್ದು:

"ಅಯ್ಯಯ್ಯಪ್ಪೋ! ಬುಡವ್ವಾ! ಕಿವಿ ಕಿತ್ಕೊಂಡ್ ಬತ್ತದೆ, ಬುಡೇ!"

ಇಡೀ ಶಾಮಿಯಾನ ನಗೆಯಲ್ಲಿ ಅಲ್ಲಾಡಿತು. ಆ ಗದ್ದಲದ ನಡುವಿನಿಂದ, ಅತಿಥಿಗಳ ಸಾಲಿನಿಂದ, ಕತ್ತಲಲ್ಲೂ ಕೂಲಿಂಗ್ ಗ್ಲಾಸು ತೆಗೆಯದೆ ಕೂತಿದ್ದ ಏಕೈಕ ಪ್ರೇಕ್ಷಕ ಎದ್ದು ನಿಂತು ಕೂಗಿದರು:

"ಒನ್ಸ್ ಮೋರ್!"

ನಮ್ಮ ಗುಬ್ಬಿಯ ಜನಕ್ಕೆ ಅಷ್ಟು ಸಾಕು. ಚೆನ್ನಾಗಿ ಹಾಡಿದರೆ ಒನ್ಸ್ ಮೋರ್ ಕೂಗುವುದು, ನಟರು ಮತ್ತೊಮ್ಮೆ ಹಾಡುವುದು ಇಲ್ಲಿ ಹಿಂದಿನಿಂದ ಬಂದ ಕಾನೂನು. ಕಿವಿ ಹಿಂಡಿದ್ದಕ್ಕೆ ಒನ್ಸ್ ಮೋರ್ ಬಿದ್ದದ್ದು ಅದೇ ಮೊದಲು. ನಾನು ಮೇಷ್ಟ್ರ ಕಡೆ ನೋಡಿದೆ. ಅವರು ಆಗಲೇ ಹಾರ್ಮೋನಿಯಂನಲ್ಲಿ ರಾಜಮಾತೆ ಬರುವ ಮಟ್ಟು ಶುರು ಮಾಡಿದ್ದರು.

"ಸಾರಿ ಕಣಪ್ಪ, ಮರ್ತೇ ಹೋಗಿತ್ತು," ಎಂದು ರಾಜಮಾತೆ ಪಿಸುಗುಟ್ಟಿದರು. "ಜನ ಕೇಳ್ತಾವ್ರೆ, ಏನ್ ಮಾಡ್ಲಿ? ಈ ಸಲ ಆ ಕಡೆ ಕಿವಿ ಕೊಡು."

"ಅದೂ ಸುಟ್ಟೈತೆ ಅಕ್ಕಾ!"

ಈ ಮಾತು ಮೈಕಿಗೆ ಕೇಳಿಸಿಬಿಟ್ಟಿತು. ಅದಕ್ಕೂ ಒನ್ಸ್ ಮೋರ್ ಬಿತ್ತು.

ದೃಶ್ಯ ಮುಗಿಯುವಷ್ಟರಲ್ಲಿ ಭಾವ ಚೆಂಡು ಹೂವಿನ ಹಾರ ಹಿಡಿದು ವೇದಿಕೆ ಹತ್ತಿದ್ದರು. ಮೆಚ್ಚಿದ ನಟನಿಗೆ ಹಾರ ಹಾಕುವುದೂ ನಮ್ಮಲ್ಲಿ ರೂಢಿ. ಹಾರ ದಪ್ಪ, ಅದರಲ್ಲಿ ತಲೆ ತೂರುವ ಜಾಗ ಚಿಕ್ಕದು. ಅದನ್ನು ನನ್ನ ಕಿರೀಟದ ಮೇಲಿನಿಂದ, ಎರಡು ಕಿವಿಗಳ ಮೇಲೂ ಉಜ್ಜಿಕೊಂಡು, ಬಹಳ ನಿಧಾನವಾಗಿ ಇಳಿಸಿದರು. ನಾನು ಮತ್ತೆ ಕಿರುಚಿದೆ. ಅದು ಅಂದಿನ ನಾಟಕದ ಅತ್ಯುತ್ತಮ ಅಭಿನಯವೆಂದು ಈಗಲೂ ಜನ ಹೇಳುತ್ತಾರೆ.

ಬಣ್ಣ ತೆಗೆಯುವಾಗ ನಿಜಕ್ಕೂ ಕಣ್ಣು ತುಂಬಿತ್ತು. ಕಿವಿಯ ಉರಿಗಲ್ಲ. ಕಿರೀಟ ಹೋಯಿತಲ್ಲ ಎಂದು. ಮೇಷ್ಟ್ರು ಬಂದು ಎದುರಿನ ಟ್ರಂಕಿನ ಮೇಲೆ ಕೂತರು. ಟೋಪನ್ ಎತ್ತಿ ಕಿವಿ ನೋಡಿದರು. ಬೈಯಲಿಲ್ಲ.

"ಮುಂದಿನ್ ವರ್ಷದಿಂದ ರಾಜ್‌ಕುಮಾರ ನಿಮ್ ದೊಡ್ಡಪ್ಪನ ಮಗ," ಎಂದರು.

"ಈಟಿ ನಂಗೇನಾ ಮೇಷ್ಟ್ರೇ?"

"ಈಟಿ ಯಾಕ್ಲಾ? ಹಾಸ್ಯದ್ ಪಾತ್ರ ನಿಂದು. ಇಷ್ಟ್ ವರ್ಷ ನಾಟ್ಕ ಕಟ್ಟಿದೀನಿ, ಜನ ಹಿಂಗ್ ನಕ್ಕಿದ್ ನೋಡಿಲ್ಲ." ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿದರು. "ಆದ್ರೆ ಒಂದು. ನಾಟ್ಕದ ಹಿಂದಿನ್ ದಿನ ತಪ್ಪದೆ ಬೆಟ್ಟ ಹತ್ಕೊಂಡ್ ಬರ್ಬೇಕು. ಟವಲ್ ಮನೇಲೇ ಬುಟ್ಟೋಗು."