ಹುಳುಮನೆಗೆ ಬಂದ ಕಡಲ ವೈರಸ್

ಕಡಲನ್ನೇ ಕಾಣದ ಕೋಲಾರದ ಹುಡುಗಿಯಾದ ನನಗೆ ಎಂ.ಎಸ್ಸಿ. ಮೇಷ್ಟ್ರು ಸೆಮಿನಾರಿಗೆ ಕೊಟ್ಟ ವಿಷಯ: ಕಡಲ ಬ್ಯಾಕ್ಟೀರಿಯಾಗಳ ದ್ಯುತಿಸಂಶ್ಲೇಷಣೆಯ ಮೇಲೆ ವೈರಸ್‌ಗಳ ಪ್ರಭಾವ. ಎರಡು ಸಾವಿರದ ಐದರ ಆಸುಪಾಸು. ಯಾವ ಪುಣ್ಯಾತ್ಮ ಇದನ್ನು ಕೂತು ಕೇಳುತ್ತಾನೆ?

ಸುಗಟೂರಿನ ಮನೆಗೆ ಬಂದು ಅಮ್ಮನ ಮುಂದೆಯೇ ಅಭ್ಯಾಸ ಶುರುಮಾಡಿದೆ. ಅಮ್ಮ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಮದುವೆಯಾಗಿ ಇಪ್ಪತ್ತೈದು ವರ್ಷಕ್ಕೆ ಮೊದಲ ಸಲ ಅಜ್ಜಿ, ಅಂದರೆ ಅವಳ ಅತ್ತೆ, ಹುಳುಮನೆ ಬಿಟ್ಟುಕೊಟ್ಟಿದ್ದಳು. ಅದೂ “ನಿನ್ನ ಕೈಗುಣ ನೋಡೇಬಿಡಾನ” ಎಂದು ಸವಾಲು ಹಾಕಿ. ಈ ಬೆಳೆ ಕೆಟ್ಟರೆ ಅಮ್ಮನಿಗೆ ಮತ್ತೆ ಅಡುಗೆಮನೆಯೇ ಗತಿ.

“ಬ್ಯಾಕ್ಟೀರಿಯಾ ಬಿಸಿಲು ಹಿಡಿದು ಅನ್ನ ಮಾಡ್ಕೊಳ್ಳುತ್ತೆ ಕಣಮ್ಮ. ಆ ಬಿಸಿಲು ಹಿಡಿಯೋ ಯಂತ್ರದಲ್ಲಿ ಒಂದು ಭಾಗ ಬೇಗ ಸವೆಯುತ್ತೆ. ಒಳಗೆ ನುಗ್ಗಿದ ವೈರಸ್ಸು ಆ ಭಾಗ ಮಾಡೋ ಜೀನನ್ನ ತಾನೇ ತಂದಿರುತ್ತೆ. ಯಂತ್ರ ನಿಲ್ಲದ ಹಾಗೆ ನೋಡ್ಕೊಂಡು, ಆ ಶಕ್ತೀಲಿ ಮರಿ ಮಾಡಿ, ಕೊನೆಗೆ ಬ್ಯಾಕ್ಟೀರಿಯಾನ ಒಡ್ಕೊಂಡು ಆಚೆ ಬರುತ್ತೆ.”

“ಕೊಲ್ಲೋಕೆ ಬಂದೋನು ಒಲೆ ಹಚ್ಚಿಕೊಡ್ತಾನಾ? ನಿಮ್ಮಜ್ಜಿಗಿಂತ ವಾಸಿ ಬಿಡು” ಅಂದಳು.

ಮಾರನೆಯ ದಿನ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತವು. ಜ್ವರವೆಂದರೆ ಪೊರೆ ಬಿಡುವ ಮುಂಚಿನ ನಿದ್ದೆ. ಏಳೆಂಟು ಹುಳು ಮಾತ್ರ ಮಲಗದೆ ತಟ್ಟೆಯ ಅಂಚಿನಲ್ಲಿ ಓಡಾಡುತ್ತಿದ್ದವು. ಅಮ್ಮ ಅವನ್ನು ಆರಿಸಿ, ಸುಣ್ಣ ಹಾಕಿ ಹೂತುಬಾ ಎಂದು ನನ್ನ ಕೈಗೆ ಕೊಟ್ಟಳು. ಹಾಸ್ಟೆಲಿನಲ್ಲಿ ಬೆಳೆದ ನನಗೆ ಅವು ಕ್ಲಾಸಿನ ಚುರುಕು ಮಕ್ಕಳಂತೆ ಕಂಡವು. ಪಾಪ ಅನ್ನಿಸಿ, ಅಮ್ಮ ಆಚೆ ಹೋದಾಗ ಒಂದೊಂದು ತಟ್ಟೆಗೆ ಒಂದೊಂದು ಬಿಟ್ಟೆ. ಮೇಲೆ ಒಂದು ಹಿಡಿ ಸೊಪ್ಪು ಬೇರೆ.

ಅವಕ್ಕಿದ್ದದ್ದು ಹಾಲುತೊಂಡೆ ರೋಗ. ಅದೂ ವೈರಸ್ಸೇ. ಹುಳುವನ್ನು ಮಲಗಗೊಡದೆ ಓಡಾಡಿಸಿ, ಕೊನೆಗೆ ಮೈ ಒಡೆದು ಹಾಲಿನಂಥ ರಸದಲ್ಲಿ ಹೊರಗೆ ಬರುತ್ತದೆ. ಗೂಡು ಕಟ್ಟಬೇಕಾದ ಹೊತ್ತಿಗೆ ತಟ್ಟೆತಟ್ಟೆಯಲ್ಲೂ ಹಾಲು. ನಾನು ಅಳುತ್ತಾ ಅಮ್ಮನಿಗೆ ನಿಜ ಹೇಳಿದೆ. “ಓದು ಒಕ್ಕಾಲು, ಬುದ್ಧಿ ಮುಕ್ಕಾಲು” ಎಂದು ತಲೆಗೆ ಮೊಟಕಿದಳು, ಅಷ್ಟೆ.

ಕೋಪ ಬಂದರೆ ತೆಲುಗಿಗೆ ಇಳಿಯುವ ಅಜ್ಜಿ ಬಾಗಿಲಲ್ಲೇ ನಿಂತು “ನೇನು ಚೆಪ್ಪಲೇದಾ!” ಎಂದು ಶುರುಮಾಡಿದಳು. “ನಾನು ಹೇಳ್ಲಿಲ್ವಾ, ಇವಳ ಕೈಗುಣವೇ ಇಷ್ಟು!”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ “ಹೂಂ ಅತ್ತೆ, ನನ್ನ ಕೈಯೇ ಆಗಿಬರಲ್ಲ” ಅಂದವಳೇ ನನ್ನ ಕಡೆ ತಿರುಗಿ “ನಿಂಗೆ ಸೆಮಿನಾರಿಗೆ ಹೊತ್ತಾಯ್ತು, ಬಸ್ಸು ಹಿಡಿ ಹೋಗೇ” ಅಂದಳು. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಆದರೂ ಬಾಯಿ ಮುಚ್ಚಿಕೊಂಡೇ ಹೋದೆ.

ಸೆಮಿನಾರು ಚೆನ್ನಾಗಿಯೇ ಆಯಿತು. ಮೇಷ್ಟ್ರೇ ಚಪ್ಪಾಳೆ ತಟ್ಟಿದರು. ಸಂಜೆ ಮನೆಗೆ ಬಂದಾಗ ಹುಳುಮನೆಯ ಬೀಗದಕೈ ಅಜ್ಜಿಯ ಸೊಂಟದಲ್ಲಿತ್ತು.