ಹೆಸರು ಕತ್ತರಿಸಿದ ಪದ

ಕೋವಿಡ್ ಮುಗಿದ ಮರುವರ್ಷ. ಆಗ ನಾನು ಕೊಪ್ಪಳದಲ್ಲಿ ಒಂದು ಕ್ಯಾಮೆರಾ, ಒಂದು ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಜನಪದ ಹಾಡುಗಾರರ ಸಾಕ್ಷ್ಯಚಿತ್ರ ಮಾಡುತ್ತಿದ್ದೆ. ಯಲಬುರ್ಗಾ, ಕುಷ್ಟಗಿ, ಕನಕಗಿರಿ, ಹಾಡುವವರು ಎಲ್ಲಿದ್ದರೂ ಹೋಗುತ್ತಿದ್ದೆ. ಕೆಲವು ಊರುಗಳಲ್ಲಿ ಕಾರ್ಖಾನೆಯ ಮಸಿ ಮೈಕಿಗೂ ಮೆತ್ತಿಕೊಳ್ಳುತ್ತಿತ್ತು. ಹಾಗಾಗಿ ಪರಿಸರ ಹೋರಾಟದವಳೂ ಆದೆ. ಹೋರಾಟದವಳೆಂದರೆ ಗಟ್ಟಿಗಿತ್ತಿ ಎಂದು ಜನ ತಿಳಿಯುತ್ತಾರೆ. ನಾನು ಶುದ್ಧ ಪುಕ್ಕಲಿ. ಮನೆ ಮುಂದೆ ಗೊತ್ತಿಲ್ಲದ ಬೈಕ್ ನಿಂತರೆ ಇಂದಿಗೂ ದೀಪ ಆರಿಸಿ ಕಿಟಕಿ ಸಂದಿಯಿಂದ ನೋಡುತ್ತೇನೆ.

ಅಳವಂಡಿ ಕಡೆಯ ಒಂದು ಹಳ್ಳಿಯಲ್ಲಿ ಹುಲಿಗೆವ್ವ ಎಂಬ ಗೀಗೀ ಪದದ ಹಾಡುಗಾರ್ತಿ ಇದ್ದಾಳೆ. ಆಕೆ ದಪ್ಪು ಬಡಿಯುತ್ತ ಸಾಲು ಎತ್ತಿದರೆ, ಮಗ ಯಮನೂರಪ್ಪ ತುಂತುಣಿ ಮೀಟುತ್ತ ‘ಗೀಯ ಗಾ ಗೀಗೀ’ ಎಂದು ಹಿಮ್ಮೇಳ ಕೊಡುತ್ತಿದ್ದ. ಊರ ಪಕ್ಕದ ಕಾರ್ಖಾನೆಯ ಮಸಿ ಜೋಳದ ತೆನೆ ಕಪ್ಪಾಗಿಸಿದ್ದನ್ನು ಆಕೆ ಪದ ಕಟ್ಟಿದ್ದಳು. ಇಂಥ ಪದದ ಕೊನೆಯ ನುಡಿಯಲ್ಲಿ ಕಟ್ಟಿದವರ ಹೆಸರು ಬರಬೇಕು. ಅದಕ್ಕೆ ಅಂಕಿತ ಎನ್ನುತ್ತಾರೆ. ಅಂಕಿತದವರೆಗೂ ಶೂಟ್ ಮಾಡಿಕೊಂಡು ಬಂದೆ.

ಅಷ್ಟರಲ್ಲಿ ಅದೇ ಕಾರ್ಖಾನೆಯ ವಿಸ್ತರಣೆಗೆ ಪಬ್ಲಿಕ್ ಹಿಯರಿಂಗ್ ನಿಗದಿಯಾಯಿತು. ಕಾರ್ಖಾನೆ ದೊಡ್ಡದಾಗುವ ಮುಂಚೆ ಅಧಿಕಾರಿಗಳು ಊರವರ ಮಾತು ಕೇಳಿ ದಾಖಲಿಸಿಕೊಳ್ಳುವ ಸಭೆ ಅದು. ಅಲ್ಲಿ ಈ ಚಿತ್ರ ತೋರಿಸುವುದೆಂದು ನಮ್ಮ ಹೋರಾಟದ ಗುಂಪು ನಿರ್ಧರಿಸಿತು. ಸುದ್ದಿ ಹೇಗೆ ಹೋಯಿತೋ, ಇಬ್ಬರು ಗಂಡಸರು ಮನೆಗೆ ಬಂದರು. ನೀರು ಕೇಳಿ ಕುಡಿದರು.

“ಆ ಪದ ಕಟ್ಟಿದವ್ರು ಯಾರ‍್ರೀ ಮೇಡಂ?”

ಗೊತ್ತಿಲ್ಲ ಎಂದೆ. “ಗೊತ್ತಾಗ್ತೈತಿ ಬಿಡ್ರಿ,” ಎಂದು ನಗುತ್ತಲೇ ಎದ್ದು ಹೋದರು. ಅವರು ಹೋದ ಮೇಲೆ ಬಾಗಿಲ ಚಿಲಕ ಹಾಕಿ, ಹಾಕಿದ್ದೇನೆಯೇ ಎಂದು ಮೂರು ಸಲ ನೋಡಿದೆ.

ಮರುದಿನ ಯಮನೂರಪ್ಪ ಬಂದ. ಅವನು ಅದೇ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕ.

“ಯಕ್ಕಾ, ಪದ ತೋರಸ್ರಿ, ಬ್ಯಾಡ ಅನ್ನಂಗಿಲ್ಲ. ಅವ್ವನ ಹೆಸರಷ್ಟ ತಗೀರಿ. ಹಿಂದ ಒಬ್ಬಾವ ಮಾತಾಡಿದ್ದಕ್ಕ ಗೇಟ್ ಪಾಸ್ ಕಸಗೊಂಡ್ರು. ಆಮ್ಯಾಲ ಹೊಲದ ದಾರ‍್ಯಾಗ ಯಾರೋ ಹಿಡದು ಬಡದ್ರು. ಅವನ ಕೈ ಇನ್ನೂ ನೆಟ್ಟಗಾಗಿಲ್ಲ.”

“ಅವ್ವಗ ಹೇಳಿಯೇನಪಾ?”

“ನಾ ಹೇಳ್ತೀನಿ.”

ಹುಲಿಗೆವ್ವನ ಮುಖ ಇದ್ದ ಶಾಟ್‌ಗಳನ್ನೆಲ್ಲ ತೆಗೆದು ದಪ್ಪಿನ ಮೇಲಿನ ಬೆರಳು, ಕರಿಹಿಡಿದ ತೆನೆ ಇಟ್ಟೆ. ಅಂಕಿತ ಕತ್ತರಿಸಿದೆ. ನನಗೂ ಹೋದ ಜೀವ ಬಂದಂತಾಯಿತು.

ಸಭೆಯ ದಿನ ಶಾಮಿಯಾನದ ಸುತ್ತ ಪೊಲೀಸರಿದ್ದರು. ಹಿಂದಿನ ಸಾಲುಗಳಲ್ಲಿ ಕಾರ್ಖಾನೆಯವರು ಹಳದಿ ಹೆಲ್ಮೆಟ್ ಹಾಕಿಸಿ ಕಾರ್ಮಿಕರನ್ನು ಕೂರಿಸಿದ್ದರು, ಯಮನೂರಪ್ಪನೂ ಅಲ್ಲಿದ್ದ. ಹುಲಿಗೆವ್ವ ಹೆಂಗಸರ ನಡುವೆ ಕುಳಿತಿದ್ದಳು. ಚಿತ್ರ ಮುಗಿಯಿತು. ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು, “ಹಾಡು ಚೆನ್ನಾಗಿದೆ. ಆದರೆ ಹೆಸರಿಲ್ಲದ ಮಾತನ್ನು ಆಕ್ಷೇಪಣೆ ಎಂದು ಬರೆದುಕೊಳ್ಳಲಾಗದು. ಯಾರದು ಇದು?” ಎಂದರು.

ನಮ್ಮ ಮನೆಯಲ್ಲಿ ನೀರು ಕುಡಿದವನೊಬ್ಬ ಮುಂದಿನ ಸಾಲಿನಿಂದ ಹಿಂದೆ ತಿರುಗಿ ಮೊಬೈಲ್ ಎತ್ತಿ ಹಿಡಿದ.

ಹುಲಿಗೆವ್ವ ಎದ್ದು ನಿಂತಳು. ಮಗ ಆಕೆಗೆ ಏನೂ ಹೇಳಿರಲಿಲ್ಲ ಎಂದು ಆಗ ತಿಳಿಯಿತು.

“ಯವ್ವಾ, ನನ್ನ ಪದಕ್ಕ ನನ್ನ ಹೆಸರ ಯಾಕ ಇಲ್ಲ?” ಎಂದು ನನ್ನನ್ನು ಕೇಳಿದಳು. ಆಕೆ ಅಧಿಕಾರಿಯ ಕಡೆ ತಿರುಗಿ, “ಬರಕೋರಿ ಸಾಹೇಬ್ರ,” ಎಂದು ಮುಂದಿನ ಕುರ್ಚಿಯ ಬೆನ್ನಿಗೆ ತಾಳ ಬಡಿಯುತ್ತ ಎತ್ತಿದಳು.

“ಹಳ್ಳದ ದಂಡ್ಯಾಗ ನಮ್ಮ ಹಳ್ಳಿ, ಕರೀ ಜ್ವಾಳ ಬೆಳದೇವಿ ಅಲ್ಲಿ, ಪದ ಕಟ್ಟಿದಾಕಿ ಹುಲಿಗಿ ನಿಂತಾಳ ಇಲ್ಲಿ...”

ಗೀಗೀ ಪದದ ಸಾಲನ್ನು ಹಿಮ್ಮೇಳ ಎತ್ತಿಕೊಳ್ಳಲೇಬೇಕು, ಇಲ್ಲದಿದ್ದರೆ ಪದ ಮುಂದೆ ಹೋಗುವುದಿಲ್ಲ. ಯಾರೂ ಎತ್ತಲಿಲ್ಲ. ಹೆಂಗಸರು ಸೆರಗಿನ ಅಂಚು ನೋಡುತ್ತ ಕುಳಿತರು. ಆ ಹಿಮ್ಮೇಳ ನನಗೆ ಬಾಯಿಪಾಠ, ಆದರೆ ನಾನೂ ಎತ್ತಲಿಲ್ಲ. ಹುಲಿಗೆವ್ವ ಅದೇ ಸಾಲನ್ನು ಮತ್ತೆ ಹಾಡಿದಳು. ದೇವರೇ, ಈಕೆ ಕುಳಿತುಬಿಡಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

“ಗೀಯ ಗಾ ಗೀಗೀ...”

ಹಳದಿ ಹೆಲ್ಮೆಟ್‌ಗಳ ನಡುವಿನಿಂದ ದನಿ ಬಂತು. ಯಮನೂರಪ್ಪ ಎದ್ದು ನಿಂತಿದ್ದ. ದನಿ ಒಡೆದಿತ್ತು. ಮೊಬೈಲ್ ತಾಯಿಯನ್ನು ಬಿಟ್ಟು ಅವನ ಕಡೆ ತಿರುಗಿತು. ಅವನು ಹಾಡು ನಿಲ್ಲಿಸಲಿಲ್ಲ. ಅಧಿಕಾರಿ ಬರೆದುಕೊಂಡರು.

ಮರುದಿನ ಬೆಳಿಗ್ಗೆ ಗೇಟಿನಲ್ಲೇ ಅವನ ಪಾಸ್ ಕಸಿದುಕೊಂಡರು. ವಿಸ್ತರಣೆಯ ಫೈಲು ಇನ್ನೂ ತೀರ್ಮಾನವಾಗಿಲ್ಲ. ಯಮನೂರಪ್ಪ ಈಗ ಗಂಗಾವತಿಯ ಒಂದು ಅಕ್ಕಿ ಗಿರಣಿಗೆ ಹೋಗಿ ಬರುತ್ತಾನೆ. ಭಯ ಹೋದ ಮೇಲೆ ಮಾಡೋಣ ಎಂದು ಕುಳಿತರೆ ಯಾವ ಕೆಲಸವೂ ಆಗುವುದಿಲ್ಲ ಎಂದು ಆ ಸಭೆ ನನಗೆ ಕಲಿಸಿತು. ಇನ್ನೊಂದನ್ನೂ ಕಲಿಸಿತು. ಯಾರದೇ ಹೆಸರು ತೆಗೆಯುವುದಿದ್ದರೂ ಇಡುವುದಿದ್ದರೂ ಈಗ ಆ ಹೆಸರಿನವರನ್ನೇ ಕೇಳುತ್ತೇನೆ. ಇಲ್ಲಿ ಬರೆದದ್ದೂ ಅವರಿಬ್ಬರನ್ನು ಕೇಳಿಯೇ.

ಸಂಜೆ ಮಗ ಬರುವುದು ತಡವಾದರೆ ಹುಲಿಗೆವ್ವ ನನಗೆ ಫೋನ್ ಮಾಡುತ್ತಾಳೆ. ಹೇಳುವಂಥದ್ದು ಇಬ್ಬರಲ್ಲೂ ಏನೂ ಇರುವುದಿಲ್ಲ. ಅವನ ಬೈಕಿನ ಸದ್ದು ಕೇಳುವವರೆಗೆ ಇಬ್ಬರೂ ಫೋನ್ ಇಡುವುದಿಲ್ಲ.