ಪುರಿ ಪುರಾಣ

ಎಣ್ಣೆಗೆ ಬಿಟ್ಟ ಪುರಿ ಒಂದು ಕ್ಷಣ ತಳದಲ್ಲಿ ಸುಮ್ಮನೆ ಮಲಗಿದ್ದು, ಆಮೇಲೆ ಏನೋ ಸಂತೋಷದ ಸುದ್ದಿ ಕೇಳಿದಂತೆ ಉಬ್ಬಿ ಮೇಲೆ ಬರುವುದನ್ನು ನೀವೂ ನೋಡಿರುತ್ತೀರಿ. ಅವ್ವ ಧಾರವಾಡದಿಂದ ಪುಣೆಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಹಾಗೆ ಉಬ್ಬುತ್ತಿದ್ದುದು ಪುರಿಯೊಂದೇ. ಸದಾಶಿವ ಪೇಠದ ವಾಡೆಯಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದು, ಬ್ರಿಟಿಷ್ ಸರ್ಕಾರದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನಗೆ ಮರಾಠಿ ನಾಲಗೆಗೆ ಹತ್ತಿತ್ತು, ಅವ್ವನಿಗೆ ಹತ್ತಲಿಲ್ಲ. ನಳದ ಬಳಿ ಹೆಂಗಸರು ಮಾತಾಡಿಸಿದರೆ ಬರಿದೆ ನಕ್ಕು, ಕೊಡ ತುಂಬಿಕೊಂಡು ಬರುತ್ತಿದ್ದಳು.

"ಇಲ್ಲೆ ನನ್ನ ಮಾತು ಯಾರಿಗೂ ಬ್ಯಾಡಾಗ್ಯದ. ಬರೋ ಸೋಮವಾರ ಗಾಡಿ ಹತ್ತಿಸಿಬಿಡಪಾ" ಎಂದು ಒಂದು ದಿನ ತಣ್ಣಗೆ ಹೇಳಿದಳು.

ಹೋಗುವ ಮುನ್ನ ಗೆಳೆಯರೊಮ್ಮೆ ಅವಳ ಕೈಯಡುಗೆ ಉಣ್ಣಲೆಂದು ರವಿವಾರ ಸಂಜೆ ಇಬ್ಬರು ಸಹೋದ್ಯೋಗಿಗಳನ್ನು ಕರೆದೆ: ಬೆಳಗಾವಿಯ ಭೀಮಣ್ಣ, ಪುಣೆಯವರೇ ಆದ ದತ್ತೋಪಂತರು. ದತ್ತೋಪಂತರಿಗೆ ಕನ್ನಡ ಬಾರದು. ಎಲೆಯಲ್ಲಿ ಬಿದ್ದದ್ದನ್ನು ಬಿಟ್ಟು ಏಳುವುದೆಂದರೆ ಅನ್ನಕ್ಕೆ ಮಾಡುವ ಅವಮಾನವೆಂದು ನಂಬಿದವರು ಬೇರೆ. ಈ ಎರಡೂ ಒಬ್ಬನೇ ಮನುಷ್ಯನಲ್ಲಿ ಕೂಡಿದರೆ ಅದೆಂಥ ಯೋಗವೆಂದು ನನಗೆ ಹೊಳೆದಿರಲಿಲ್ಲ.

ಶ್ರೀಖಂಡ, ಎಣ್ಣೆಗಾಯಿ, ಬಿಸಿ ಪುರಿ. ಹೊಟ್ಟೆ ತುಂಬಿದ ದತ್ತೋಪಂತರು "ಪುರೇ" ಎಂದರು. ಮರಾಠಿಯಲ್ಲಿ ಹಾಗೆಂದರೆ ಸಾಕು. ಅವ್ವ ಎರಡು ಪುರಿ ಬಡಿಸಿದಳು. ಅವರು ಕಷ್ಟಪಟ್ಟು ತಿಂದು, "ಪುರೇ, ಆಯಿ, ಪುರೇ" ಎಂದರು. ಮತ್ತೆರಡು ಬಿದ್ದವು. ಕೊನೆಗೆ ಎಂಜಲುಗೈಯಲ್ಲೇ ಕೈಮುಗಿದರು.

"ಅವ್ವಾ, ಅವರು ಸಾಕು ಅನ್ನಾಕತ್ತಾರ" ಎಂದೆ.

"ನನ್ನ ಕಿವಿ ನೆಟ್ಟಗ ಅದಾವ. ಪಾಪ, ಕೈಮುಗದು ಪುರಿ ಕೇಳಾಕತ್ತಾರ. ಉಣ್ಣೋರ ಬಾಯಿಗೆ ಅಡ್ಡ ಬರಬಾರದು."

ಭೀಮಣ್ಣ ನಗು ನುಂಗಿಕೊಂಡು, ಕನ್ನಡದಲ್ಲಿ 'ಸಾಕು' ಎನ್ನಬೇಕೆಂದು ದತ್ತೋಪಂತರ ಕಿವಿಯಲ್ಲಿ ಹೇಳಿಕೊಟ್ಟ. ಬೆವರಿಳಿಯುತ್ತಿದ್ದ ಅವರು ಎರಡು ಸಲ ಮನಸ್ಸಿನಲ್ಲೇ ಉರುಹೊಡೆದು, ಅವ್ವನ ಮುಖ ನೋಡಿ, ಸ್ಪಷ್ಟವಾಗಿ ಅಂದರು: "ಆಯಿ, ಹಾಕು."

ಅವ್ವ ಬುಟ್ಟಿ ಹಿಡಿದು ನಿಂತೇಬಿಟ್ಟಳು. ರೀ ಇಲ್ಲ, ಮರ್ಯಾದೆಯ ಬಹುವಚನವಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗ ಕೇಳುವಂಥ ಹಾಕು. "ಕೇಳಿದೇನು? ನನ್ನ ಮಾತಿನಾಗ ಕೇಳಿದ್ರು" ಎಂದು ಒಳಗೆ ಹೋಗಿ, ಉಳಿದ ಕಣಕವನ್ನೆಲ್ಲ ಕರಿದು ತಂದು ಅವರೆದುರೇ ಕುಳಿತಳು. ಅವಳ ಕಣ್ಣಲ್ಲಿ ನೀರು. ದತ್ತೋಪಂತರ ಕಣ್ಣಲ್ಲೂ ನೀರು. ಕಾರಣಗಳು ಬೇರೆಯಾಗಿದ್ದವು. ವ್ಯಾಕರಣಶುದ್ಧವಾದ ನನ್ನ ಮಾತು ಮುಟ್ಟದಿದ್ದಲ್ಲಿಗೆ ತಪ್ಪಿದ ಒಂದಕ್ಷರ ಹೇಗೆ ಹೋಗಿ ಸೇರಿತೆಂದು ನಾನು ಇಂದಿಗೂ ಯೋಚಿಸುತ್ತೇನೆ.

ಭೀಮಣ್ಣನ ಹೆಗಲು ಹಿಡಿದು ದತ್ತೋಪಂತರು ಮೆಟ್ಟಿಲಿಳಿದ ಮೇಲೆ ಅವ್ವನಿಗೆ ನಿಜ ತಿಳಿಸಿದೆ. ಎಲೆ ಎತ್ತುತ್ತಿದ್ದವಳು ಹಾಗೇ ಕುಳಿತಳು.

"ಅಯ್ಯ ಶಿವನ, ಎಷ್ಟು ತಿನ್ನಿಸಿಬಿಟ್ನೋ." ಖಾಲಿ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು, "ಆದ್ರೂ ಅವರಿಗೆ ಹೇಳಬ್ಯಾಡ. ಹಾಂಗೇ ಅನ್ನಲಿ" ಎಂದಳು.

ಸೋಮವಾರದ ಗಾಡಿ ಅವ್ವನನ್ನು ಬಿಟ್ಟೇ ಹೋಯಿತು. ಮುಂದಿನ ರವಿವಾರ ದತ್ತೋಪಂತರು ಬೆಳಗಿನಿಂದ ಉಪವಾಸವಿದ್ದು ಬಂದರು.